ವಿಮಾನ ಕಂಪನಿಗಳನ್ನು ಸಾಕಿದ್ದು ಅಂಚೆ ಚೀಲ

ಮಾನ್ಯರೇ,

ಆರಂಭದ ವಿಮಾನ ಕಂಪನಿಗಳು ಟಿಕೆಟ್ ಹಣದಿಂದಲೇ ಬೆಳೆದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಮೆರಿಕದ ಲೆಕ್ಕ ಬೇರೆಯೇ ಹೇಳುತ್ತದೆ. 1925ರ ಕೆಲ್ಲಿ ಕಾಯ್ದೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸವನ್ನು ಖಾಸಗಿಯವರಿಗೆ ವಹಿಸಿ, ಸ್ಟಾಂಪ್ ಆದಾಯದ ಶೇ 80ರವರೆಗೆ ಅವರಿಗೆ ಕೊಡಲು ಅವಕಾಶ ಮಾಡಿತು. ಸ್ಟಾಂಪ್ ಎಣಿಸುವುದು ತಲೆನೋವಾದಾಗ, 1926ರಲ್ಲಿ ತೂಕದ ಲೆಕ್ಕ ಬಂತು: ಮೊದಲ ಸಾವಿರ ಮೈಲಿಗೆ ಪೌಂಡಿಗೆ ಗರಿಷ್ಠ 3 ಡಾಲರ್.

ಎಡವಟ್ಟಾಗಿದ್ದು ಇಲ್ಲೇ. 1928ರಲ್ಲಿ ವಿಮಾನ ಅಂಚೆ ದರ ಮೊದಲ ಔನ್ಸಿಗೆ 5 ಸೆಂಟ್‌ಗೆ ಇಳಿಯಿತು. ಒಂದೊಂದು ಔನ್ಸಿನ ಹದಿನಾರು ಪತ್ರ ಸೇರಿದರೆ ಒಂದು ಪೌಂಡ್. ಸರ್ಕಾರಕ್ಕೆ ಬರುವುದು 80 ಸೆಂಟ್, ಕಂಪನಿಗೆ ಹೋಗುವುದು 3 ಡಾಲರ್‌ವರೆಗೆ! ಕೆಲವು ಕಂಪನಿಯವರು ತಮಗೆ ತಾವೇ ಭಾರದ ಪಾರ್ಸೆಲ್ ಕಳಿಸಿಕೊಂಡರೆ ಅಚ್ಚರಿಯೇನು?

1930ರ ಮ್ಯಾಕ್‌ನರಿ–ವಾಟ್ರೆಸ್ ಕಾಯ್ದೆ ತೂಕ ಬಿಟ್ಟು, ವಿಮಾನದಲ್ಲಿ ಅಂಚೆಗೆ ಮೀಸಲಿಟ್ಟ ಜಾಗಕ್ಕೆ ಹಣ ಕೊಟ್ಟಿತು, ಮೈಲಿಗೆ ಗರಿಷ್ಠ 1.25 ಡಾಲರ್. ಚೀಲ ಖಾಲಿಯಿದ್ದರೂ ಹಣ ಸಿಗುತ್ತಿದ್ದುದರಿಂದ, ಸೀಟುಗಳಿರುವ ದೊಡ್ಡ ವಿಮಾನ ಕೊಳ್ಳುವುದು ಲಾಭದಾಯಕವಾಯಿತು. ಆದರೆ ಗುತ್ತಿಗೆಗಳು ದೊಡ್ಡ ಕಂಪನಿಗಳ ಪಾಲಾದವು. 1934ರಲ್ಲಿ ಆ ಗುತ್ತಿಗೆಗಳು ರದ್ದಾಗಿ, ಸೇನಾ ಪೈಲಟ್‌ಗಳು ಚಳಿಗಾಲದಲ್ಲಿ ಅಂಚೆ ಹೊತ್ತು ಹಾರಬೇಕಾಯಿತು. ಹಲವರು ಸತ್ತರು.

ಸಬ್ಸಿಡಿ ಬೇಕೇ ಬೇಡವೇ ಎನ್ನುವವರು ಮೊದಲು ಅದನ್ನು ಯಾವ ಅಳತೆಯಲ್ಲಿ ಕೊಡುತ್ತಾರೆಂದು ಕೇಳಲಿ.

– ಓದುಗ