‘ಖರೀದಿಸಿ’ ಎಂಬ ಗುಂಡಿ

ಮಾನ್ಯರೇ,

ಇನ್ನು ಕನ್ಸೋಲೂ ಬೇಡ, ದುಬಾರಿ ಗ್ರಾಫಿಕ್ಸ್ ಕಾರ್ಡೂ ಬೇಡ, ಸಿನಿಮಾದ ಹಾಗೆ ಗೇಮ್ ಕೂಡ ಕ್ಲೌಡ್‌ನಿಂದ, ಅಂದರೆ ದೂರದ ಸರ್ವರ್‌ಗಳಿಂದ, ಹರಿದು ಬರುತ್ತದೆ, ಕೊಂಡು ಇಟ್ಟುಕೊಳ್ಳುವ ಕಾಲ ಮುಗಿಯಿತು ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಎಡವಟ್ಟು ಆ ಹೋಲಿಕೆಯಲ್ಲೇ ಇದೆ. ಸಿನಿಮಾದ ಒಂದೇ ಫೈಲನ್ನು ಲಕ್ಷ ಜನರಿಗೆ ಹಂಚಬಹುದು, ಮುಂದಿನ ಅರ್ಧ ನಿಮಿಷದ ದೃಶ್ಯವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಗೇಮಿನಲ್ಲಿ ಬಟನ್ ಒತ್ತುವ ತನಕ ಮುಂದಿನ ಚಿತ್ರ ಹುಟ್ಟಿಯೇ ಇರುವುದಿಲ್ಲ. ಒಬ್ಬರು ಆಡುವಷ್ಟು ಹೊತ್ತೂ ಡೇಟಾ ಸೆಂಟರ್‌ನಲ್ಲಿ ಒಂದು ಗ್ರಾಫಿಕ್ಸ್ ಪ್ರೊಸೆಸರ್, ಅಥವಾ ಅದರದೊಂದು ಪಾಲು, ಅವರಿಗೇ ಮೀಸಲು. ಎಲ್ಲರೂ ಒಂದೇ ಹೊತ್ತಿಗೆ ಬಂದರೆ ಸರದಿ ಸಾಲು. ಎನ್‌ವಿಡಿಯಾದ ಕ್ಲೌಡ್ ಗೇಮಿಂಗ್ ಸೇವೆ ಜಿಫೋರ್ಸ್ ನೌ ಹಣ ಕೊಡುವ ಚಂದಾದಾರರಿಗೂ ತಿಂಗಳಿಗೆ 100 ಗಂಟೆಯ ಮಿತಿ ಇಟ್ಟದ್ದು ಸುಮ್ಮನೆ ಅಲ್ಲ.

ಇನ್ನು ವಿಳಂಬ, ಅಂದರೆ ಬಟನ್ ಒತ್ತಿದ ಮೇಲೆ ತೆರೆ ಬದಲಾಗಲು ಹಿಡಿಯುವ ಹೊತ್ತು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮಿನ ಆಯಸ್ಸು 16.7 ಮಿಲಿಸೆಕೆಂಡ್. ಒತ್ತಿದ ಬಟನ್ನಿನ ಸುದ್ದಿ ರೂಟರ್ ದಾಟಿ ಸರ್ವರ್ ಮುಟ್ಟಬೇಕು, ಅಲ್ಲಿ ಚಿತ್ರ ತಯಾರಾಗಿ ವಿಡಿಯೊ ಆಗಿ ಕುಗ್ಗಬೇಕು, ವಾಪಸ್ ಬಂದು ಬಿಚ್ಚಿಕೊಂಡು ತೆರೆಯ ಮೇಲೆ ಮೂಡಬೇಕು. ಇದಕ್ಕೆಲ್ಲ ದೂರವೇ ಅಡ್ಡಿ ಎಂದು ಹಲವರ ನಂಬಿಕೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಕೇಬಲ್ ನೇರವಾಗಿದ್ದರೆ 500 ಕಿ.ಮೀ. ದೂರದ ಸರ್ವರ್‌ಗೆ ಹೋಗಿಬರಲು 5 ಮಿಲಿಸೆಕೆಂಡ್ ಸಾಕು. ಸರ್ವರ್ ಬೇರೆ ಖಂಡದಲ್ಲಿ ಇಲ್ಲದಿದ್ದರೆ ಕೆಲಸ ಕೆಡುವುದು ಬಹುಪಾಲು ಮನೆಯೊಳಗೇ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಪಕ್ಕದ ಮನೆಯ ರೂಟರ್, ಬ್ಲೂಟೂತ್, ಮೈಕ್ರೋವೇವ್ ಎಲ್ಲವೂ ಒಂದೇ ದಾರಿಯಲ್ಲಿ ನುಗ್ಗುತ್ತವೆ. ಅದಕ್ಕಿಂತ ಕಣ್ಣಿಗೆ ಬೀಳದ ತೊಂದರೆ ರೂಟರ್‌ನ ಬಫರ್, ಅಂದರೆ ಡೇಟಾ ಸರದಿ ಕಾಯುವ ಜಾಗ. ಯಾರದೋ ಫೋನು ಫೋಟೊಗಳನ್ನು ಬ್ಯಾಕಪ್‌ಗೆ ಏರಿಸತೊಡಗಿದರೆ ಬಟನ್ನಿನ ಪುಟ್ಟ ಪ್ಯಾಕೆಟ್ ಅವುಗಳ ಬೆನ್ನಿಗೆ ಸಾಲಿನಲ್ಲಿ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿಬರುವ ಹೊತ್ತನ್ನು ಅಳೆಯುವ ಆದೇಶ) ಓಡಲು ಬಿಟ್ಟು ಇನ್ನೊಂದು ಸಾಧನದಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ ನೋಡಿ. 15 ಮಿಲಿಸೆಕೆಂಡ್ ಇದ್ದದ್ದು 200ಕ್ಕೆ ಜಿಗಿದರೆ ಪ್ಲಾನ್ ಬದಲಿಸುವ ಮುಂಚೆ ರೂಟರ್ ಸೆಟ್ಟಿಂಗ್ ತೆರೆಯಬೇಕು. ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ (SQM) ಎಂಬ ಆಯ್ಕೆ ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ 85–90ಕ್ಕೆ ಇಟ್ಟರೆ ಸಾಲು ಕರಗುತ್ತದೆ. ಲ್ಯಾನ್ ಕೇಬಲ್ ಉತ್ತಮ, ಆಗದಿದ್ದರೆ 5 ಗಿಗಾಹರ್ಟ್ಸ್. ಇನ್ನು ಡೇಟಾ: 1080ಪಿ, 60 ಫ್ರೇಮಿಗೆ ಜಿಫೋರ್ಸ್ ನೌ ಕೇಳುವುದು 25 ಎಂಬಿಪಿಎಸ್. ಅಷ್ಟನ್ನೂ ಬಳಸಿದರೆ ಗಂಟೆಗೆ 11 ಜಿಬಿ ದಾಟುತ್ತದೆ.

ಇಷ್ಟು ಸರಿಹೋದರೆ ಕ್ಲೌಡ್ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಗಳೆಯುವುದು ಹಟವಷ್ಟೆ. ನಮ್ಮ ತಕರಾರು ಬಾಡಿಗೆಯ ಬಗ್ಗೆ ಅಲ್ಲ, ಬಾಡಿಗೆಯನ್ನೇ ಮಾರಾಟ ಎನ್ನುವುದರ ಬಗ್ಗೆ. 2019ರ ನವೆಂಬರ್‌ನಲ್ಲಿ ಬಂದ ಗೂಗಲ್‌ನ ಕ್ಲೌಡ್ ಸೇವೆ ಸ್ಟೇಡಿಯಾದಲ್ಲಿ ಗೇಮುಗಳನ್ನು ಪೂರ್ತಿ ಬೆಲೆಗೆ ಮಾರುತ್ತಿದ್ದರು. ಇಳಿಸಿಕೊಳ್ಳುವಂತೆ ಮಾತ್ರ ಇರಲಿಲ್ಲ. 2023ರ ಜನವರಿ 18ಕ್ಕೆ ಬಾಗಿಲು ಮುಚ್ಚಿತು. ಗೂಗಲ್ ಗೇಮುಗಳ ಹಣ ಮರಳಿಸಿತು, ಕಂಟ್ರೋಲರ್‌ಗೆ ಬ್ಲೂಟೂತ್ ತೆರೆದುಕೊಟ್ಟಿತು, ಮೆಚ್ಚಲೇಬೇಕು. ಅಷ್ಟು ದೊಡ್ಡ ಜೇಬು ಎಷ್ಟು ಕಂಪನಿಗಳಿಗಿದೆ? ಜಿಫೋರ್ಸ್ ನೌ ದಾರಿ ವಾಸಿ: ಗೇಮ್ ಸ್ಟೀಮ್‌ನಂಥ ಅಂಗಡಿಯಲ್ಲಿ ನಿಮ್ಮ ಖಾತೆಯಲ್ಲಿರುತ್ತದೆ, ಸೇವೆ ಕೊಡುವುದು ಯಂತ್ರವನ್ನಷ್ಟೆ. ಅಲ್ಲೂ 2020ರಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್ ತನ್ನ ಗೇಮುಗಳನ್ನು ರಾತ್ರೋರಾತ್ರಿ ಹಿಂದಕ್ಕೆ ಪಡೆದಿತ್ತು.

ಹಾಗಾದರೆ ಡಿಸ್ಕ್ ಕೊಂಡರೆ ಆಯಿತೇ? ಅದೂ ಭ್ರಮೆ. ಯೂಬಿಸಾಫ್ಟ್ ಕಂಪನಿಯ ಕಾರ್ ರೇಸಿಂಗ್ ಗೇಮ್ ‘ದಿ ಕ್ರ್ಯೂ’ 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತದ್ದೇ ಡಿಸ್ಕ್ ಇದ್ದವರ ಕೈಯಲ್ಲೂ ಸತ್ತಿತು, ಒಬ್ಬರೇ ಆಡುವ ಭಾಗವೂ ಸೇರಿ. ನಿಂಟೆಂಡೊ ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ನಲ್ಲಿ ಗೇಮೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಅನುಮತಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಗುಂಡಿ ಇಡುವಂತಿಲ್ಲ. ಗುಂಡಿ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥವಿರುವುದು ಇಲ್ಲಿ ಚೆನ್ನಾಗಿಯೇ ಹೊಂದುತ್ತದೆ.

ಗೇಮ್ ನಿಜಕ್ಕೂ ನಿಮ್ಮದೇ ಎಂದು ತಿಳಿಯಲು ಹೀಗೆ ಮಾಡಿ: ಇನ್‌ಸ್ಟಾಲ್ ಮಾಡಿ, ಇಂಟರ್ನೆಟ್ ಕಡಿದು, ಯಂತ್ರ ರೀಸ್ಟಾರ್ಟ್ ಮಾಡಿ, ಗೇಮ್ ತೆರೆಯಿರಿ. ತೆರೆದರೆ ಅರ್ಧ ಪಾಸು. ಅದೇ ಫೈಲುಗಳಿಂದ, ಲಾಗಿನ್ ಇಲ್ಲದೆ, ಇನ್ನೊಂದು ಯಂತ್ರದಲ್ಲೂ ಓಡಿದರೆ ಪೂರ್ತಿ ಪಾಸು. ಜಿಒಜಿ ಅಂಗಡಿಯ ಆಫ್‌ಲೈನ್ ಇನ್‌ಸ್ಟಾಲರ್‌ಗಳು ಈ ಬಗೆಯವು. ದೊಡ್ಡ ಗೇಮಾದರೆ ಫೈಲು ಹಲವು ತುಂಡಾಗಿ ಬರುತ್ತದೆ. ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ನಡುವೆ ನಿಲ್ಲುತ್ತದೆ, ಅದು ಗೊತ್ತಾಗುವುದು ವರ್ಷಗಳ ಮೇಲೆ, ಬೇಕಾದ ದಿನವೇ. ಇಳಿಸಿದ ದಿನವೇ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ, ಎರಡು ಡ್ರೈವ್‌ಗಳಿಗೆ ನಕಲು ಮಾಡಿಡಿ. ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಹಾರ್ಡ್ ಡಿಸ್ಕ್ ಮೇಲು. ಎಸ್‌ಎಸ್‌ಡಿ ಕರೆಂಟಿಲ್ಲದೆ ಬಹುಕಾಲ ಬಿದ್ದಿದ್ದರೆ ಒಳಗಿನ ಚಾರ್ಜ್ ಸೋರಿ ಡೇಟಾ ಕೆಡಬಹುದು. ಸೇವ್ ಫೈಲುಗಳು ಬೇರೆ ಫೋಲ್ಡರಿನಲ್ಲಿರುತ್ತವೆ, ಬಹುಮಂದಿ ಮರೆಯುವುದು ಅವನ್ನೇ.

ಸೇವೆ ಮುಗಿಸುವಾಗ ಗೇಮ್ ಆಡುವ ಸ್ಥಿತಿಯಲ್ಲಿ ಉಳಿಯಬೇಕೆಂದು ಯೂಟ್ಯೂಬರ್ ರಾಸ್ ಸ್ಕಾಟ್ 2024ರಲ್ಲಿ ಶುರುಮಾಡಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಯುರೋಪಿಯನ್ ಮನವಿ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಸರ್ವರ್ ಕೋಡಿನಲ್ಲಿ ಬೇರೆಯವರಿಂದ ಪರವಾನಗಿ ಪಡೆದ ಭಾಗಗಳಿವೆ, ಬಿಟ್ಟುಕೊಡಲಾಗದು ಎಂಬುದು ಕಂಪನಿಗಳ ವಾದ. ಹಳೆಯ ಗೇಮುಗಳಿಗೆ ಅದು ಒಪ್ಪುವ ಮಾತೇ. ನಾಳೆ ಬರೆಯಲಿರುವ ಗೇಮಿಗೆ ಈ ನೆಪ ನಡೆಯದು. ಮೊದಲ ದಿನವೇ ಅದಕ್ಕೆ ತಕ್ಕಂತೆ ಕಟ್ಟಬಹುದು. ಯೂಬಿಸಾಫ್ಟ್ ಕೂಡ ‘ದಿ ಕ್ರ್ಯೂ 2’ಕ್ಕೆ ಆಮೇಲೆ ಆಫ್‌ಲೈನ್ ಸೌಲಭ್ಯ ಸೇರಿಸಿತು.

ತಮ್ಮ ಪತ್ರಿಕೆಯಲ್ಲಿ ಒಂದು ಕೋರಿಕೆ: ಹೊಸ ಗೇಮಿನ ಪರಿಚಯ ಬರೆಯುವಾಗ ಬೆಲೆ, ಅಂಕಗಳ ಪಕ್ಕದಲ್ಲೇ ‘ಇಂಟರ್ನೆಟ್ ಇಲ್ಲದೆ ತೆರೆಯುತ್ತದೆಯೇ?’ ಎಂಬ ಇನ್ನೊಂದು ಸಾಲು ಇರಲಿ.

– ಗೇಮ್ ತಂತ್ರಾಂಶ ವೃತ್ತಿಯ ಕೆಲವು ಓದುಗರು