ಬಾಯ್ಲರ್ ನೋಡುತ್ತೀರಿ, ಅದರ ಪರದೆಯನ್ನೂ ನೋಡಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಹಬೆಯ ಜೊತೆಗೆ ವಿದ್ಯುತ್ತನ್ನೂ ತಯಾರಿಸುವ ಕೋಜನ್ ಘಟಕದಲ್ಲಿ ಬಾಯ್ಲರ್ ಆಪರೇಟರ್. ತಪಾಸಣೆಗೆ ಬರುವ ಅಧಿಕಾರಿಗಳು ಡ್ರಮ್, ಟ್ಯೂಬು, ಸೇಫ್ಟಿ ವಾಲ್ವ್ ಎಲ್ಲ ನೋಡುತ್ತಾರೆ. ನಾನು ಎಂಟು ತಾಸು ಕಣ್ಣಿಟ್ಟು ಕೂರುವ ಡಿಸಿಎಸ್ ಪರದೆಯತ್ತ, ಅಂದರೆ ಘಟಕವನ್ನು ನಿಯಂತ್ರಿಸುವ ಕಂಪ್ಯೂಟರ್ ಪರದೆಯತ್ತ ಮಾತ್ರ ಯಾರೂ ತಿರುಗಿ ನೋಡಿಲ್ಲ.

ಹೋದ ಹಂಗಾಮಿನ ಒಂದು ರಾತ್ರಿ ಪಾಳಿ. ಒದ್ದೆ ಬಗಾಸ್ (ಕಬ್ಬಿನ ಸಿಪ್ಪೆ) ಬಂದು, ಅದನ್ನು ಬೆಂಕಿಗೆ ಉಣಿಸುವ ಫೀಡರ್ ಕಟ್ಟಿಕೊಂಡಿತು. ಫರ್ನೇಸ್, ಸ್ಟೀಮ್, ಕನ್ವೇಯರ್, ಟರ್ಬೈನ್ ಎಂದು ಒಂದರ ಹಿಂದೊಂದು ಅಲಾರ್ಮ್. ಹೂಟರ್ ಸದ್ದಿಗೆ ಪಕ್ಕದವನ ಮಾತೂ ಕೇಳದು. ಅದನ್ನು ಅಡಗಿಸಲು, ಅಲಾರ್ಮ್ ನೋಡಿದೆ ಎಂದು ತಿಳಿಸುವ ಆಕ್ನಾಲೆಜ್ ಗುಂಡಿ ಒತ್ತುತ್ತಲೇ ಇದ್ದೆ. ನಡುವೆ ‘ಡ್ರಮ್ ಲೆವೆಲ್ ಲೋ’, ಅಂದರೆ ಬಾಯ್ಲರ್ ಡ್ರಮ್ಮಿನಲ್ಲಿ ನೀರು ಇಳಿದಿದೆ ಎಂಬ ಅಲಾರ್ಮ್ ಕೂಡ ಬಂದಿತ್ತು. ಅದೇ ಕೆಂಪು, ಅದೇ ಸದ್ದು. ಅದನ್ನೂ ಒತ್ತಿಬಿಟ್ಟಿದ್ದೆ! ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಹತ್ತಿರವಿದ್ದ ಹಿರಿಯರೊಬ್ಬರು ವಾಕಿಟಾಕಿಯಲ್ಲಿ “ನೀರು ಇಳಿಯಾಕತ್ತೈತಿ ತಮ್ಮಾ” ಎಂದು ಕೂಗಿದರು, ಬಚಾವಾದೆವು. ನೀರು ತೀರಾ ಇಳಿದರೆ ಬಾಯ್ಲರ್ ತಾನಾಗಿ ಟ್ರಿಪ್ ಆಗಿ ನಿಲ್ಲುವ ಏರ್ಪಾಡಿದೆ, ನಿಜ. ಆದರೆ ಅದು ಕೊನೆಯ ಕಾವಲು. ಅದೂ ಕೈಕೊಟ್ಟರೆ ಟ್ಯೂಬು ಕಾದು ಒಡೆಯುತ್ತದೆ, ಹತ್ತಿರವಿದ್ದವರು ಬೇಯುತ್ತಾರೆ.

ನಮ್ಮ ಪರದೆಯ ನಟ್ಟನಡುವೆ ಕುಣಿಯುವ ಬೆಂಕಿಯ ಬಣ್ಣದ ಚಿತ್ರವಿದೆ. ಫೀಡರ್ ಮೋಟರ್ ಆನ್ ಇದ್ದರೆ ಸಾಕು, ಬಗಾಸ್ ಬೀಳದಿದ್ದರೂ ಅದು ಕುಣಿಯುತ್ತದೆ. ಡ್ರಮ್ ಲೆವೆಲ್ ಮಾತ್ರ ಮೂಲೆಯಲ್ಲೊಂದು ಸಣ್ಣ ಅಂಕಿ. ಇನ್ನು ಎಲೆಕ್ಟ್ರಿಕಲ್ ಪ್ಯಾನಲ್‌ನಲ್ಲಿ ಕೆಂಪು ದೀಪವೆಂದರೆ ಆನ್. ಪರದೆಯಲ್ಲಿ ಕೆಂಪೆಂದರೆ ನಿಂತಿದೆ. ಎರಡೂ ಒಂದೇ ಕೋಣೆಯಲ್ಲಿವೆ ಸ್ವಾಮಿ.

1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಆದದ್ದೂ ಇಂಥದ್ದೇ. ವಾಲ್ವ್ ಮುಚ್ಚಲು ಆದೇಶ ಹೋಗಿದೆ ಎಂದಷ್ಟೇ ದೀಪ ಹೇಳುತ್ತಿತ್ತು, ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು. ಆಪರೇಟರುಗಳು ದೀಪವನ್ನು ನಂಬಿದರು. 1994ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ರಿಫೈನರಿ ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರ್ಮ್‌ಗಳು 275. ಆಮೇಲೆ ಅಲ್ಲಿನ ಎಂಜಿನಿಯರಿಂಗ್ ಉಪಕರಣ ಬಳಕೆದಾರರ ಸಂಘ ಇಇಎಂಯುಎ ತಂದ ಮಾರ್ಗಸೂಚಿ, ಮಾಮೂಲಿ ಹೊತ್ತಿನಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದಕ್ಕಿಂತ ಹೆಚ್ಚು ಅಲಾರ್ಮ್ ಇರಬಾರದೆನ್ನುತ್ತದೆ.

ಹೊಸ ಯಂತ್ರ ಕೊಡಿಸಿ ಎಂದು ಕೇಳುತ್ತಿಲ್ಲ. ತಪಾಸಣೆಗೆ ಬಂದವರು ಒಂದು ತಿಂಗಳ ಅಲಾರ್ಮ್ ಪಟ್ಟಿ ತೆಗೆಸಿ ನೋಡಲಿ. ಜೀವಕ್ಕೆ ಕುತ್ತು ತರುವ ಅಲಾರ್ಮ್‌ಗಳಿಗೆ ಬೇರೆ ಬಣ್ಣ, ಬೇರೆ ಸದ್ದು, ಕನ್ನಡದಲ್ಲಿ ಹೆಸರು ಕಡ್ಡಾಯವಾಗಲಿ. ಪರದೆ ಬರೆಯುವ ಎಂಜಿನಿಯರುಗಳು ಒಂದು ರಾತ್ರಿಯಾದರೂ ನಮ್ಮ ಪಕ್ಕ ಕೂರಲಿ. ಮುಂದಿನ ಹಂಗಾಮಿಗೆ ಬಾಯ್ಲರ್ ಹೊತ್ತಿಸುವ ಮುನ್ನ ಈ ಬಗ್ಗೆ ಒಂದು ಸುತ್ತೋಲೆ ನಮ್ಮ ಕಂಟ್ರೋಲ್ ರೂಮ್ ತಲುಪುವಂತೆ ಮಾಡಿ.

ಇಂತಿ,
ರಾತ್ರಿ ಪಾಳಿಯ ಒಬ್ಬ ಆಪರೇಟರ್