ಮಕ್ಕಳನ್ನು ಮನೆಗೆ ಕಳಿಸುವ ಮುಂಚೆ ಆ ಮನೆ ನೋಡಿ ಬನ್ನಿ

ಕೆನ್ಯಾ ಸರ್ಕಾರದಲ್ಲಿ ಮಕ್ಕಳ ಸೇವೆಗಳ ಹೊಣೆ ಹೊತ್ತ ಸಚಿವರಿಗೆ,

ನಮಸ್ಕಾರ. ನಾನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಬಹಳ ವರ್ಷದಿಂದ ಇರುವ ಕನ್ನಡದವಳು. ನನಗಿಲ್ಲಿ ಓಟಿಲ್ಲ. ನಾನು ಚರ್ಚಿಗೆ ಸೇರಿದವಳೂ ಅಲ್ಲ. ಈ ಪತ್ರದ ಸ್ವಾಹಿಲಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆದದ್ದು ಯಾಕೆಂದರೆ, ಇದರಲ್ಲಿ ಅರ್ಧ ಮಾತು ನಮ್ಮವರಿಗೇ ಹೇಳಬೇಕಾದದ್ದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಇಲ್ಲಿನ ನಾವು ಭಾರತೀಯರು ಮಕ್ಕಳ ಬರ್ತ್‌ಡೇ ಬಂದರೆ ಅನಾಥಾಲಯಕ್ಕೆ ಹೋಗಿ ಊಟ ಹಾಕಿ ಬರುತ್ತೇವೆ. ಫೋಟೋ ಬೇರೆ. ಹಾಗೆ ಹೋದಾಗ ಒಮ್ಮೆ, ಒಂಬತ್ತು ವರ್ಷದ ಹುಡುಗಿಯ ತಟ್ಟೆಗೆ ಅನ್ನ ಬಡಿಸುತ್ತಾ ‘ನಿಮ್ಮ ಊರು ಯಾವುದಮ್ಮ’ ಅಂದೆ. ‘ಇಲ್ಲೇ ಮುಕುರು. ಅಜ್ಜಿ ಇದ್ದಾಳೆ’ ಅಂದಳು. ಮುಕುರು ನೈರೋಬಿಯದೇ ಕೊಳೆಗೇರಿ. ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನ್, ಹತ್ತಿದರೆ ಅರ್ಧ ಗಂಟೆ ದಾರಿ. ಅಜ್ಜಿ ಇರುವ ಮಗು ಅನಾಥಾಲಯದಲ್ಲಿ ಯಾಕಿದೆ? ಆ ಅಜ್ಜಿಯ ಹತ್ತಿರ ಬಾಡಿಗೆಗೆ ದುಡ್ಡಿಲ್ಲ, ಅಷ್ಟೇ.

ನಿಮ್ಮ 2022ರ ಮಕ್ಕಳ ಕಾಯ್ದೆ ಇದನ್ನು ಸರಿಯಾಗಿಯೇ ಹಿಡಿದಿದೆ. ಮಗು ಬೆಳೆಯಬೇಕಾದದ್ದು ಮನೆಯಲ್ಲಿ, ದೊಡ್ಡ ಕಟ್ಟಡದಲ್ಲಲ್ಲ. 2032ರ ಹೊತ್ತಿಗೆ ಸಂಸ್ಥೆಗಳಿಂದ ಮಕ್ಕಳನ್ನು ಕುಟುಂಬಗಳಿಗೆ ತಲುಪಿಸುವ ಯೋಜನೆಯೂ ಇದೆ. ನನ್ನ ತಕರಾರು ಅದಕ್ಕಲ್ಲ. ಮಗು ವಾಪಸ್ ಹೋಗುವ ಆ ಮನೆಯನ್ನು ಎತ್ತಿ ಹಿಡಿದಿರುವವರು ಯಾರು ಅನ್ನೋದು ನಿಮ್ಮ ಲೆಕ್ಕದಲ್ಲಿ ಇದ್ದಂತಿಲ್ಲ.

ನಾನು ಆ ಹುಡುಗಿಯ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಕಾರ್ಖಾನೆಗಳ ಹಿಂಬದಿಯಲ್ಲಿ ಹತ್ತಡಿಗೆ ಹತ್ತಡಿಯ ತಗಡಿನ ಕೋಣೆ. ಅದರಲ್ಲಿ ಆಗಲೇ ಮೂರು ಮೊಮ್ಮಕ್ಕಳು. ಅವತ್ತು ಶನಿವಾರ. ಪಕ್ಕದ ತಗಡಿನ ಚರ್ಚಿನ ಅಂಗಳದಲ್ಲಿ ದೊಡ್ಡ ಪಾತ್ರೆಯಲ್ಲಿ ಉಜಿ ಕುದಿಯುತ್ತಿತ್ತು. ಬಗ್ಗಿ ನೋಡಿದರೆ ನಮ್ಮ ರಾಗಿ ಗಂಜಿ! ಇವರು ರಾಗಿಗೆ ವಿಂಬಿ ಅಂತಾರೆ. ಎಷ್ಟೋ ಸಾವಿರ ವರ್ಷಗಳ ಹಿಂದೆ ಇದೇ ಪೂರ್ವ ಆಫ್ರಿಕದಿಂದ ನಮ್ಮ ಕಡೆಗೆ ಬಂದ ಬೆಳೆ. ನಮ್ಮ ಮಂಡ್ಯದವರಿಗೆ ಹೇಳಿದರೆ ನಂಬಲ್ಲ, ಅದು ಬಿಡಿ.

ಪಾತ್ರೆ ಕಲಕುತ್ತಿದ್ದವರು ರಸ್ತೆಬದಿ ತರಕಾರಿ ಮಾರುವ, ಬಟ್ಟೆ ಒಗೆಯುವ ಹೆಂಗಸರು. ಅವರ ಗುಂಪಿಗೆ ಜುಮುಯಿಯಾ ಅಂತಾರೆ. 1970ರ ದಶಕದಲ್ಲಿ ಪೂರ್ವ ಆಫ್ರಿಕದ ಕ್ಯಾಥೊಲಿಕ್ ಬಿಷಪ್‌ಗಳು ಒತ್ತಾಸೆ ಕೊಟ್ಟು ಬೆಳೆಸಿದ ಪುಟ್ಟ ಪುಟ್ಟ ನೆರೆಹೊರೆಯ ಕೂಟಗಳು ಇವು. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಶುರುವಾಗೋದೇ ಅಸಲು ಕೆಲಸ. ಯಾರ ಮನೆ ಬಾಡಿಗೆ ನಿಂತಿದೆ, ಯಾವ ಮಗು ಶಾಲೆಗೆ ಬಂದಿಲ್ಲ, ಯಾವ ಹುಡುಗಿಯ ಮೇಲೆ ಮನೆಯೊಳಗೇ ಕಣ್ಣಿದೆ, ಎಲ್ಲ ಅಲ್ಲಿ ಮಾತಾಗುತ್ತದೆ. ಆಮೇಲೆ ಹತ್ತು, ಇಪ್ಪತ್ತು ಶಿಲ್ಲಿಂಗ್ ಕೂಡಿಸುತ್ತಾರೆ. ನಿಮ್ಮ ಮಕ್ಕಳ ಸೇವಾ ಅಧಿಕಾರಿಗೆ ಆರು ತಿಂಗಳಾದರೂ ಗೊತ್ತಾಗದ ಸುದ್ದಿ ಇವರಿಗೆ ಬುಧವಾರವೇ ಗೊತ್ತು.

ಚರ್ಚುಗಳು ಸರ್ಕಾರಕ್ಕಿಂತ ಮೊದಲು ನಡೆದದ್ದು ಇದೇ ಮೊದಲಲ್ಲ. ಎಚ್ಐವಿ ಇದ್ದ ಮಕ್ಕಳನ್ನು ಯಾರೂ ಮುಟ್ಟದ ಕಾಲದಲ್ಲಿ, 1992ರಲ್ಲಿ, ಫಾದರ್ ಆಂಜೆಲೊ ಡಿ'ಅಗೊಸ್ಟಿನೊ ನೈರೋಬಿಯಲ್ಲಿ ಅವರಿಗಾಗಿ ನ್ಯುಂಬಾನಿ ಅನ್ನೋ ಆಶ್ರಯ ಮನೆ ಶುರು ಮಾಡಿದರು. ಆ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆಗೆಸಲು ಅವರು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2004ರಲ್ಲಿ ಸರ್ಕಾರ ಒಪ್ಪಿತು. ಅವರದೇ ಇನ್ನೊಂದು ಯೋಜನೆ ‘ಲೆಯಾ ಟೋಟೊ’. ಅಂದರೆ ಮಗುವನ್ನು ಸಾಕು. ಅದು ಮಕ್ಕಳನ್ನು ಎತ್ತಿಕೊಂಡು ಬರಲಿಲ್ಲ. ಔಷಧಿ, ಆಹಾರವನ್ನು ಕೊಳೆಗೇರಿಯ ಮನೆಗೇ ಒಯ್ದಿತು.

ಹಾಗಂತ ಚರ್ಚು ಅಂದ ತಕ್ಷಣ ಕಣ್ಣು ಮುಚ್ಚಿ ನಂಬಿ ಅಂತ ಹೇಳುತ್ತಿಲ್ಲ. 2023ರಲ್ಲಿ ಇಲ್ಲಿನ ಕರಾವಳಿ ಕಡೆಯ ಶಕಹೋಲಾ ಕಾಡಿನಲ್ಲಿ, ಉಪವಾಸ ಬಿದ್ದರೆ ದೇವರನ್ನು ಸೇರುತ್ತೀರಿ ಅಂದ ಬೋಧಕನೊಬ್ಬನ ಹಿಂದೆ ಹೋದವರ 400ಕ್ಕೂ ಹೆಚ್ಚು ಶವ ಸಿಕ್ಕವು. ಅದರಲ್ಲಿ ಎಷ್ಟೋ ಮಕ್ಕಳು. ಆದ್ದರಿಂದ ತಪಾಸಣೆ ಮಾಡಿ, ಜಾಸ್ತಿಯೇ ಮಾಡಿ. ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿ ಚರ್ಚಿನಲ್ಲೂ, ಮಗು ದೂರು ಹೇಳಲು ಆ ಚರ್ಚಿಗೆ ಸೇರದ ಒಬ್ಬರು ಇರಲೇಬೇಕು ಅಂತ ಕಡ್ಡಾಯ ಮಾಡಿ.

ಈಗ ದುಡ್ಡಿನ ಮಾತು. ಅನಾಥ ಮಕ್ಕಳನ್ನು ಸಾಕುವ ಮನೆಗಳಿಗೆ ನಗದು ಕೊಡುವ ಯೋಜನೆಯನ್ನು ನಿಮ್ಮ ಸರ್ಕಾರ 2004ರಲ್ಲಿ ಬರೀ 500 ಮನೆಗಳಿಂದ ಶುರು ಮಾಡಿತು. ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ತಿಂಗಳಿಗೆ 2,000 ಶಿಲ್ಲಿಂಗ್ ಅಂತ ನಿಂತದ್ದು ಹತ್ತು ವರ್ಷ ದಾಟಿದರೂ ಹಾಗೇ ಇದೆ. ಅದೂ ತಿಂಗಳು ತಿಂಗಳು ಬರಲ್ಲ. ಬಾಕಿ ನಿಂತಾಗ ಅಜ್ಜಿ ಸಾಲ ಮಾಡೋದು ಜುಮುಯಿಯಾದಲ್ಲಿ. ಅಂದರೆ ಸರ್ಕಾರದ ಸಾಲವನ್ನು ಬಟ್ಟೆ ಒಗೆಯುವ ಹೆಂಗಸರು ತೀರಿಸುತ್ತಿದ್ದಾರೆ. ಇದು ನ್ಯಾಯ ಅಲ್ಲ, ಅಲ್ವಾ?

ಮಗುವನ್ನು ಮನೆಗೆ ಕಳಿಸುವ ದಿನವೇ ಆ ಮನೆಯ ಹೆಸರು ನಗದು ಪಟ್ಟಿಗೆ ಸೇರಲಿ. ಮೊತ್ತ ಏರಲಿ, ಹೊತ್ತಿಗೆ ಬರಲಿ. ಪಟ್ಟಿ ಮಾಡುವಾಗ ಆ ಹೆಂಗಸರನ್ನು ಕೂರಿಸಿಕೊಂಡು ಕೇಳಿ. ನಮ್ಮವರಿಗೂ ಒಂದು ಮಾತು: ಮುಂದಿನ ಬರ್ತ್‌ಡೇ ಊಟದ ದುಡ್ಡನ್ನು ಒಬ್ಬ ಅಜ್ಜಿಯ ಮೂರು ತಿಂಗಳ ಬಾಡಿಗೆಗೆ ಕೊಡಿ. ಫೋಟೋ ಬರಲ್ಲ, ಅಷ್ಟೇ.

ಸಚಿವರೇ, ಉಜಿ ಕುದಿಯೋದು ಶನಿವಾರ ಬೆಳಿಗ್ಗೆ ಎಂಟಕ್ಕೆ. ಕಾರು ಒಳಗೆ ಬರಲ್ಲ. ಮಳೆಗಾಲವಾದರೆ ಗಂಬೂಟ್ ಹಾಕಿಕೊಂಡು ಬನ್ನಿ.

ಇಂತಿ,
ನೈರೋಬಿಯ ಒಬ್ಬ ಕನ್ನಡತಿ